ಒಂದು-ನಾಕರ ಕಾಯಿಲ್

ಜಗತ್, ಕಲಬುರ್ಗಿ
9 ಜೂನ್ 2002

ನಬಿ,

ಈ ಪತ್ರಾ ನೋಡಿ ನಿನ್ನ ಖುರ್ಷೀದ್ ಬೇಗಂ ಗಾಬರಿ ಆಗಬಾರದು. ಬಂಡುಗ ಗಾಡಿ ಕೈ ಕೊಟ್ಟದ, ಅಷ್ಟ ಅಂತ ಹೇಳು.

ಕಲಬುರ್ಗಿಯಿಂದ ಕಮಲಾಪುರಕ್ಕ ಬಸ್ಸಿನಾಗ ಒಂದು ತಾಸು. ಅಷ್ಟು ದೂರಕ್ಕ ಯಾರರ ಪತ್ರಾ ಬರೀತಾರೇನು? ಆದ್ರ ನಿನ್ನ ಮಗ್ಗಲ ದೇವೀಂದ್ರಪ್ಪನ ಬೂತಿಗೆ ಫೋನ್ ಹಚ್ಚಿದಾಗೊಮ್ಮೆ, 'ನಬಿಸಾಬ್ರು ಈಗರ ಹೊರಗ ಹೋದ್ರುರೀ' ಅಂತಾನ. ಬೆಳಿಗ್ಗಿ ಹಚ್ಚಿದ್ರೂ ಈಗರ ಹೋದ್ರು, ಸಂಜಿಗೆ ಹಚ್ಚಿದ್ರೂ ಈಗರ ಹೋದ್ರು. ಇಷ್ಟು ತಿರಗೂ ಮನಷ್ಯಾ ಪಾನಾ ಹಿಡದು ಗಾಡಿ ಬಿಚ್ಚೂದು ಯಾವಾಗ? ಖುದ್ದು ಬರೂಣಂದ್ರ, ನೀ ಎರಡು ವರ್ಷದ ಹಿಂದ ನಮ್ಮ ಗ್ಯಾರೇಜ್ ಶೆಡ್ಡಿನ ಕೀಲಿಕೈ ಕಟ್ಟಿ ಮ್ಯಾಲ ಇಟ್ಟು, ಒಂದು ಮಾತು ಹೇಳಲಾರದ ನಿಮ್ಮೂರ ಬಸ್ ಹತ್ತಿದಿ. ಹದಿನೆಂಟು ವರ್ಷ ಒಂದ ಸೂರಿನ ಕೆಳಗ ಉಂಡವರು ನಾವು. ಬಿಟ್ಟು ಹೋದವರ ಬಾಗಿಲಿಗೆ ನಾ ಬರಂಗಿಲ್ಲ. ಪತ್ರಾ ಆದ್ರ ಅಪಮಾನ ಸ್ವಲ್ಪ ಸೋವಿ ಬೀಳ್ತದ, ಮಾರಿ ಕಾಣಂಗಿಲ್ಲ.

ಗಾಡಿ ಸುದ್ದಿ ಕೇಳು. ಹಳೇದೊಂದು ಪೆಟ್ರೋಲ್ ಕಾರ್ ತೊಗೊಂಡೀನಿ, ನಾಕು ಸಿಲಿಂಡರಿಂದು. ಕಾರ್ಬೊರೇಟರ್ ಇಲ್ಲ, ಡಿಸ್ಟ್ರಿಬ್ಯೂಟರ್ ಇಲ್ಲ, ಎಲ್ಲಾ ಕಂಪ್ಯೂಟರಿನ ಕಾರಭಾರ. ಬಾನೆಟ್ ಎತ್ತಿದ್ರ ನಮ್ಮಂಥವರಿಗೆ ಗುರ್ತಿನ ಮಾರಿ ಒಂದೂ ಇಲ್ಲ. ಊರಾಗ ಬಂಗಾರದಂಗ ಓಡ್ತದ. ಜಗತ್ ಸರ್ಕಲ್‌ದಿಂದ ಐವಾನ್-ಎ-ಶಾಹಿ ತನಕ ಹೋದ್ರ ಹೊಟ್ಟ್ಯಾನ ನೀರು ಅಲುಗಂಗಿಲ್ಲ. ಆಳಂದ ದಾಟಿ ಏರು ಹತ್ತಿತಂದ್ರ ಕುಂಟಾಕ ಶುರು. ತುಳದಷ್ಟೂ ಜಗ್ಗತದ, ಪೆಟ್ರೋಲ್ ನಾರತದ, ಅಕ್ಕಲಕೋಟ ಬರೂದರಾಗ ನಿಂತ ಬಿಡ್ತದ. ಅರ್ಧ ತಾಸು ಆರಿಸಿದ್ರ ಏನೂ ಆಗಿಲ್ಲದಂಗ ಮತ್ತ ಚಾಲೂ. ರಾಜಕಾರಣಿ ಆಗಬೇಕಾದ್ದು, ತಪ್ಪಿ ಎಂಜಿನ್ ಆಗ್ಯದ.

ಪ್ರತಿ ಮಂಗಳವಾರ ನಾವು ಸೋಲಾಪುರಕ್ಕ ಹೋಗಬೇಕು. ನಮ್ಮ ಮನಿಯಾಕಿ ಚಂದ್ರಾಗ ಸ್ವಲ್ಪ ಆರಾಮಿಲ್ಲ, ಅಲ್ಲಿ ಡಾಕ್ಟರಿಗೆ ತೋರಸ್ತೀವಿ. ಅಂಥಾ ದೊಡ್ಡದೇನಲ್ಲ. ಆದ್ರ ಹೋದ ಮಂಗಳವಾರ ಆಕೀನ್ನ ರಸ್ತೆದ ಬದಿಗೆ ಬೇವಿನ ಗಿಡದ ಕೆಳಗ ಚಾಪಿ ಹಾಸಿ ಮಲಗಿಸಬೇಕಾತು. ಡಾಕ್ಟರ್ ಅಂತಾರ, ಒಂದು ವಾರನೂ ತಪ್ಪಸಬ್ಯಾಡ್ರಿ. ಜನ ಅಂತಾರ, ರೈಲಿನಾಗ ಹೋಗ್ರಿ. ಕೂತು ಹೋಗಾಕ ಆಗಿದ್ರ ನಾ ಕಾರ್ ಯಾಕ ತೊಗೋತಿದ್ದೆ?

ನನ್ನ ಈಗಿನ ಮಿಸ್ತ್ರಿ ಮುಕುಂದ, ಐಟಿಐ ಕಲತಾಂವ, ಮಷೀನ್ ಹಚ್ಚಿ ನೋಡಿ 'ಮಿಸ್‌ಫೈರ್ ಅಂತ ತೋರಸ್ತದರೀ ಕಾಕಾ' ಅಂದ. ನಾ ಅಂದೆ, 'ಅಕ್ಕಲಕೋಟದಾಗ ಮೂರು ಮಂದಿ ದಬ್ಬಿದ್ರಪಾ, ಅವರೂ ಅದನ್ನ ಹೇಳಿದ್ರು, ಮಷೀನ್ ಇಲ್ಲದ.'

ಏನು ಮಾಡಲಿ, ಬರಿ.

ಬಂಡು

*

ಕಮಲಾಪುರ
14 ಜೂನ್ 2002

ಬಂಡು,

ಪತ್ರ ಮುಟ್ಟಿತು. ಚಂದ್ರಾಬಾಯಿಗೆ ಏನಾಗ್ಯದ? ಕೂಡಾಕ ಆಗಂಗಿಲ್ಲ ಅಂತಿ, ದೊಡ್ಡದಲ್ಲ ಅಂತಿ. ಎರಡರಾಗ ಒಂದು ಸುಳ್ಳು. ಖುರ್ಷೀದ್ ದುವಾ ಮಾಡಾಕತ್ಯಾಳ.

ಬಿಸಿ ಆದಾಗ, ಏರಿನಾಗ ತಪ್ಪತದ ಅಂದ್ರ ಕಿಡಿ ಕಡಿಮಿ ಬೀಳಾಕತ್ತದ. ಪ್ಲಗ್ ನಾಕೂ ಹೊಸಾವು ಹಾಕಸು, ಅವಕ್ಕ ಹೋಗೂ ವೈರ್ ಬದಲಿ ಮಾಡಸು. ನನಗ ಅಲ್ಲೇ ಅನಮಾನ.

ಒಂದು ಕೆಲಸ ಮಾಡು. 'ಕುಂಟ್ತದ' ಅಂದ್ರ ನನಗ ತಿಳಿಯಂಗಿಲ್ಲ. ಮೂರು ಹೆಜ್ಜಿ ಇಟ್ಟು ಒಂದು ತಪ್ಪತದೋ, ಒಂದು ಇಟ್ಟು ಒಂದು ತಪ್ಪತದೋ? ಕಿವಿಗೊಟ್ಟು ಕೇಳು, ಕೇಳಿದಂಗ ಬರಿ. ಶಬ್ದ ಪೂರಾ ಬರಿ.

ಫೋನ್ ಬ್ಯಾಡ. ಬೂತಿನಾಗ ಗದ್ದಲ. ಪತ್ರ ಛಲೋ.

ನಬಿಸಾಬ್

*

ಜಗತ್, ಕಲಬುರ್ಗಿ
23 ಜೂನ್ 2002

ನಬಿ ಉಸ್ತಾದ್,

ನಿನ್ನ ಮೊದಲನೇ ಔಷಧ ದಂಡ. ಪ್ಲಗ್ ಹೊಸಾವು, ವೈರ್ ಹೊಸಾವು, ಕುಂಟೂದು ಮಾತ್ರ ಹಳೇದು. ಈ ಸಲ ಅಕ್ಕಲಕೋಟದ ಮುಂಚೇನ ನಿಂತು. ಅಲ್ಲಿ ಚಹಾದಂಗಡಿಯ ಸಾವಿತ್ರಿಬಾಯಿ ಈಗ ನಮ್ಮನ್ನ ನೋಡಿದ ಕೂಡಲೆ ಚಂದ್ರಾಗ ಮಲಗಾಕ ಬಾಜ ಹೊರಗ ಹಾಕ್ತಾಳ. ಗಾಡಿ ಕೆಟ್ಟಿದ್ದರಿಂದ ನನಗೊಬ್ಬ ತಂಗಿ ಜಮಾ ಆದ್ಲು.

ಮುಕುಂದನ ಪರಾಕ್ರಮ ಕೇಳು. ನೀ ಹಳೇ ಗಾಡಿಗೆ ಮಾಡ್ತಿದ್ದೆಲ್ಲ, ಎಂಜಿನ್ ಚಾಲೂ ಇಟ್ಟು ಪ್ಲಗ್ಗಿನ ವೈರ್ ಒಂದೊಂದ ಕಿತ್ತು, ಯಾವುದು ಕಿತ್ರ ಸಪ್ಪಳ ಬದಲಾಗಂಗಿಲ್ಲೋ ಆ ಸಿಲಿಂಡರ್ ಸತ್ತದಂತ ಹೇಳೂದು. ಆ ಕಥಿ ನಮ್ಮ ಶೆಡ್ಡಿನಾಗ ಪುರಾಣ ಆಗ್ಯದ. ಮುಕುಂದ ಇದಕ್ಕೂ ಹಂಗ ಮಾಡಿದ. ಒಂದನೇದರ ವೈರ್ ಕಿತ್ತಾಂವ ಹಿಂದಿನ ಗ್ವಾಡಿಗೆ ಹೋಗಿ ಬಡದ. 'ಕಾಕಾ, ಮೊಳಕೈ ತನಕ ಝುಂ ಅಂತು' ಅಂದ. ನಾ ಅಂದೆ, 'ಹಂಗಾದ್ರ ಒಂದು ಸಿಲಿಂಡರ್ ಜೀವಂತ ಅದ, ಬರಕೊ.' ಆದ್ರ ಅವತ್ತಿನಿಂದ ಗಾಡಿ ಮತ್ತಷ್ಟು ಕೆಟ್ಟದ.

ಇನ್ನ ಶಬ್ದ. ನೀ ಯಾಕ ನನ್ನ ಪರೀಕ್ಷಾ ತೊಗೋತಿ? ರಸ್ತೆದ ಆ ಕಡೆ ಹೋಗೂ ಗಾಡಿ ಕೇಳಿ ಇದರ ಮೂರನೇ ವಾಲ್ವ್ ಸಡಲಾಗ್ಯದ ಅಂತಿದ್ದಾಂವ ನೀ. ಬಂದು ಕೇಳಬಾರದಾ? ನನ್ನ ಕಿವಿಗೆ ಬರೇ 'ಘರ್ರ್ ಖಟ್' ಅಂತದ. ಹಿಂದಿನ ಸೀಟಿನ್ಯಾಗ ಮಲಕೊಂಡಿದ್ದ ಚಂದ್ರಾ ನನ್ನ ಕಷ್ಟಾ ನೋಡಿ, ಕಣ್ಣ ಮುಚ್ಚಿಕೊಂಡ ಸೀಟಿನ ಮ್ಯಾಲ ಬೆರಳಿಂದ ತಾಳಾ ಹಾಕಿದ್ಲು. ಭಜನಿ ಮಂಡಳ್ಯಾಗ ತಾಳಾ ಹಿಡಿಯಾಕಿ, ನಿನಗ ಗೊತ್ತದ. 'ಒಂದು ಬಿಟ್ಟು ಒಂದರೀ. ಧಿನ್, ಖಾಲಿ, ಧಿನ್, ಖಾಲಿ. ಮೂರಕ್ಕೊಂದಲ್ಲ. ಹಂಗ ಬರೀರಿ ನಬಿ ಅಣ್ಣಗ' ಅಂದ್ಲು. ಬರದೀನಿ.

ಆಕಿ ಸುದ್ದಿ: ಎದಿಯೊಳಗ ಒಂದು ಗಂಟಿತ್ತು, ಉಗಾದಿ ಮುಂದ ತಗದಾರ. ಈಗ ವಾರಕ್ಕೊಮ್ಮೆ ಸಲೈನಿನಾಗ ಔಷಧ ಬಿಡ್ತಾರ. ಮುಂಜಾಗ್ರತಿಗೆ, ಅಷ್ಟ.

ನಬಿ, ಪಂಚಮಿ ಬರಾಕತ್ತದ. ಲಗ್ನದ ಮೊದಲನೇ ವರ್ಷ ತವರಿಂದ ಕರಿಯಾಕ ಯಾರೂ ಬರಲಿಲ್ಲಂತ ಆಕಿ ಅಡಗಿಮನ್ಯಾಗ ಸುಮ್ಮ ಕೂತಿದ್ಲು. ಹುಟ್ಟಿದ್ದು ನಿಮ್ಮೂರಾಗ, ಅಣ್ಣತಮ್ಮಂದಿರು ಒಬ್ಬರೂ ಇಲ್ಲ. ನೀ ಗ್ರೀಸಿನ ಕೈ ತೊಳಕೊಂಡು, ಕೆಂಪು ಬಾಳಿಹಣ್ಣಿನ ಚಿಪ್ಪು ಹಿಡಕೊಂಡು, 'ನಮ್ಮೂರ ಮಗಳನ್ನ ಪಂಚಮಿಗೆ ಕರಿಯಾಕ ಬಂದೀನಿ' ಅಂತ ಬಾಗಿಲಾಗ ನಿಂತಿ. ನಮ್ಮವ್ವ ಮಥುರಾಬಾಯಿ, ಮಡಿ ಮುದುಕಿ, ಎರಡು ಹೆಜ್ಜಿ ಹಿಂದ ಸರದು, 'ತವರಿನವರು ಬಂದ್ರ ಇಲ್ಲನ್ನಾಕ ಬರಂಗಿಲ್ಲ, ಹೋಗಿ ಬಾ' ಅಂದ್ಲು. ಆ ಮ್ಯಾಲ ಒಂದು ವರ್ಷನೂ ತಪ್ಪಿರಲಿಲ್ಲ. ಈಗ ಎರಡು ಪಂಚಮಿ ಖಾಲಿ ಹೋಗ್ಯಾವ. ಆಕಿ ಬಾಯಿ ಬಿಟ್ಟು ಕೇಳಾಕಿ ಅಲ್ಲ. ನಾ ಕೇಳಾಕತ್ತೀನಿ.

ಬಂಡು

*

ಕಮಲಾಪುರ
29 ಜೂನ್ 2002

ಬಂಡು,

ಪ್ಲಗ್ ಮಾತು ನಂದು ತಪ್ಪಾತು. ಚಂದ್ರಾಬಾಯಿ ಹೇಳಿದ್ದು ಖರೆ. ಆ ತಾಳಾ ಬರೀಲಿಲ್ಲಂದ್ರ ನನಗ ತಿಳೀತಿರಲಿಲ್ಲ.

ಮೊದಲ ಮುಕುಂದಗ ಹೇಳು, ಎಂಜಿನ್ ಚಾಲೂ ಇದ್ದಾಗ ವೈರ್ ಕೀಳಬ್ಯಾಡಂತ. ಅದು ಹಳೇ ಗಾಡಿಯ ವಿದ್ಯಾ. ಇದರಾಗ ಕಿಡಿಗೆ ಹೋಗಾಕ ದಾರಿ ಸಿಗಲಿಲ್ಲಂದ್ರ ಕಾಯಿಲನ್ನ ಒಳಗಿಂದ ಸೀಳ್ಕೊಂಡು ಹೋಗ್ತದ. ಇಲ್ಲಾ, ಕಿತ್ತಾಂವನ ಕೈಯಾಗಿಂದ ಹೋಗ್ತದ.

ಹಳೇ ಗಾಡ್ಯಾಗ ಒಂದ ಕಾಯಿಲ್, ನಾಕು ಮನಿಗೆ ಹಂಚಾಕ ಡಿಸ್ಟ್ರಿಬ್ಯೂಟರ್. ಇದರಾಗ ಹಂಚಾಂವ ಇಲ್ಲ. ಎರಡು ಕಾಯಿಲ್ ಒಂದ ಡಬ್ಬ್ಯಾಗ ಕೂಡಸ್ಯಾರ, ಅದಕ್ಕ ಕಾಯಿಲ್ ಪ್ಯಾಕ್ ಅಂತಾರ. ಒಳಗ ದಪ್ಪ ತಂತಿ ಸ್ವಲ್ಪ ಸುತ್ತು, ಸಣ್ಣ ತಂತಿ ಸಾವಿರಗಟ್ಟಲೆ ಸುತ್ತು. ಬ್ಯಾಟ್ರಿ ಕರೆಂಟ್ ದಪ್ಪ ತಂತ್ಯಾಗ ಹರಿಯೂಮುಂದ ಕಂಪ್ಯೂಟರ್ ಗಪ್ಪನ ಕಡೀತದ. ಕಡದಾಗ ಸಣ್ಣ ತಂತ್ಯಾಗ ದೊಡ್ಡ ವೋಲ್ಟ್ ಏಳ್ತದ. ಹರಿಯೂದಕ್ಕ ಅಲ್ಲ ಕಿಡಿ, ಕಡಿಯೂದಕ್ಕ.

ಒಂದು ಕಾಯಿಲಿಗೆ ಎರಡು ಪ್ಲಗ್. ಒಂದನೇದು ನಾಕನೇದು ಒಂದು ಜೋಡಿ, ಎರಡು ಮೂರು ಒಂದು ಜೋಡಿ. ಕಿಡಿ ಒಂದು ಪ್ಲಗ್ಗಿನಾಗ ಹೋಗಿ ಇನ್ನೊಂದರಾಗ ಹೊಳ್ಳಿ ಬರ್ತದ. ಒಂದು ಮನ್ಯಾಗ ಪೆಟ್ರೋಲ್ ತಯಾರಿರ್ತದ, ಅಲ್ಲಿ ಕೆಲಸ ಆಗ್ತದ. ಇನ್ನೊಂದು ಮನ್ಯಾಗ ಸುಟ್ಟ ಹೊಗಿ, ಅಲ್ಲಿ ಬಿದ್ದ ಕಿಡಿ ಸುಮ್ಮ. ಆದ್ರ ಅಲ್ಲಿ ಬೀಳಲಾರದ ಇಲ್ಲಿ ಬೀಳಂಗಿಲ್ಲ.

ಎಂಜಿನ್ ಹೊಡಿಯೂ ಸರದಿ ಒಂದು, ಮೂರು, ನಾಕು, ಎರಡು. ಒಂದ ಪ್ಲಗ್ ಸತ್ತಿದ್ರ ಮೂರು ಹೆಜ್ಜಿಗೆ ಒಂದು ತಪ್ಪಬೇಕು. ಒಂದು ಬಿಟ್ಟು ಒಂದು ತಪ್ಪತದ ಅಂದ್ರ ಜೋಡಿನ ಹೋಗಾಕತ್ತದ. ಜೋಡಿ ಹೋದ್ರ ತಪ್ಪು ಪ್ಲಗ್ಗಿಂದಲ್ಲ, ಕಾಯಿಲಿಂದು. ಮುಕುಂದ ಒಂದನೇದರ ವೈರ್ ಕಿತ್ತ ಮ್ಯಾಲ ಹೆಚ್ಚಾತಂದ್ರ, ಒಂದು-ನಾಕರದ್ದ ಇರಬೇಕು. ಒಳಗ ಸಣ್ಣ ಸೀಳು ಬಿಟ್ಟಿರ್ತದ. ಥಂಡ ಇದ್ದಾಗ ಕೂಡ್ತದ, ಬಿಸಿ ಆದಾಗ ಬಿಡ್ತದ. ಏರಿನಾಗ ಕಿಡಿಗೆ ಜೋರು ಬೇಕು, ಅಲ್ಲೇ ಸೋಲ್ತದ.

ಮುಕುಂದಗ ಮೀಟರ್ ಹಚ್ಚಿ ನೋಡಾಕ ಹೇಳು. ಬಿಸಿ ಇದ್ದಾಗ ನೋಡಬೇಕು, ಗಾಡಿ ಬಂದ್ ಮಾಡಿ.

ಪಂಚಮಿಗೆ ನೋಡೂಣ. ಇಲ್ಲಿ ಕೆಲಸ ಬಹಳದ.

ನಬಿಸಾಬ್

*

ಜಗತ್, ಕಲಬುರ್ಗಿ
14 ಜುಲೈ 2002

ನಬಿ,

ನಿನ್ನ ಪತ್ರಾ ಮುಕುಂದಗ ಓದಿ ತೋರಿಸ್ದೆ. ಕಾಲೇಜಿನಾಗ ಇಷ್ಟು ಬಿಡಿಸಿ ಹೇಳಿರಲಿಲ್ಲ ಅಂದ. ಮೀಟರ್ ಹಚ್ಚಿದ. ಎರಡೂ ಕಾಯಿಲ್ ಸರಿ ಅದಾವ ಅಂದ. 'ಬಿಸಿ ಇದ್ದಾಗ ನೋಡಿದೇನು?' ಅಂದೆ. 'ಬಿಸಿ ಇದ್ದಾಗ ಗಾಡಿ ಅಕ್ಕಲಕೋಟದಾಗ ಇರ್ತದಲ್ಲರೀ ಕಾಕಾ, ಮೀಟರ್ ಇಲ್ಲಿರ್ತದ' ಅಂದ. ಅಂವನ್ನೂ ಕರಕೊಂಡು ಹೋಗೂಣಂದ್ರ ಚಂದ್ರಾ ಉದ್ದಕ ಮಲಗಬೇಕು, ಜಾಗಾ ಇಲ್ಲ. ಅಂವ ಈಗ ಕಂಪ್ಯೂಟರ್ ಡಬ್ಬೀನ ಬದಲಿ ಮಾಡೂಣ ಅಂತಾನ. ಎರಡು ಮಂಗಳವಾರ ತಪ್ಪಿದ್ವು. ಡಾಕ್ಟರ್ ಫೋನಿನಾಗ ಬರೇ ಮುಂದಿನ ತಾರೀಖು ಹೇಳಿದ್ರು. ಬಯ್ದಿದ್ರ ಛಲೋ ಇತ್ತು.

ಆಕಿ ಕೂದಲಾ ಹೋಗ್ಯಾವ. ಸೆರಗು ಹೊದಕೊಂಡ ಕೂಡ್ತಾಳ. ಎದುರಮನಿ ಪಾರ್ವತೀಬಾಯಿ ಬಂದು 'ಯಾತ್ರಾಕ್ಕ ಮುಡಿ ಕೊಟ್ಟಿದ್ದಿ ಅಂತ ತಿಳಕೊ' ಅಂದ್ಲು. ಚಂದ್ರಾ ಅಂದ್ಲು, 'ಕೊಟ್ಟದ್ದೇನೋ ಕೊಟ್ಟೆ, ದೇವರ ಯಾವಾಂವ ಅಂತ ಹೇಳವ್ವ.' ನಾ ಹೊರಗ ಬಂದು ಗಾಡಿ ಒರಸಿದೆ. ಒರಸಿದ್ದನ್ನ ಮತ್ತ ಒರಸಿದೆ.

ಈಗ ಕೇಳಿಬಿಡ್ತೀನಿ. ಮುಕುಂದನ್ನ ತಂದೆ ಅಂತ ನೀ ಬಿಟ್ಟು ಹೋದಿ ಅಲ್ಲಾ? ಹೊಸಾ ಗಾಡಿಗೆ ಮಷೀನ್ ಓದಾಂವ ಬೇಕಂದೆ, ಅದು ನಿನ್ನ ಎದಿಗೆ ಹತ್ತಿತು. ಅದಕ್ಕ ಕರದ್ರ ನೀ ತಿರಗಿ ನೋಡ್ತಿರಲಿಲ್ಲ, ಕೂಗಿದ್ರ ಓ ಅಂತಿರಲಿಲ್ಲ. ಕಡೀಕ ಆರು ತಿಂಗಳು ನಿನ್ನ ಬೆನ್ನಿನ ಜೋಡಿ ಮಾತಾಡೀನಿ ನಾ. ಇರ್ಲಿ. ಸಿಟ್ಟು ನನ್ನ ಮ್ಯಾಲ, ಆಕಿ ಮ್ಯಾಲಲ್ಲಲ್ಲ? ಪಂಚಮಿಗೆ ಬಾ. ನನ್ನ ಜೋಡಿ ಮಾತಾಡಬ್ಯಾಡ. ಬಾಗಿಲಾಗ ನಿಂತು ಆ ಒಂದು ಮಾತು ಹೇಳಿ ಹೋಗು. ತವರಿಗೆ ಹೋಗೂ ಶಕ್ತಿ ಆಕಿಗಿಲ್ಲ, ಕರದ್ರ ಸಾಕು.

ಬಂಡು

*

ಕಮಲಾಪುರ
20 ಜುಲೈ 2002

ಬಂಡು,

ಮುಕುಂದನ ಮ್ಯಾಲ ನನಗ ಸಿಟ್ಟಿಲ್ಲ. ನಿನ್ನ ಮ್ಯಾಲೂ ಇಲ್ಲ. ಖುದಾ ಸಾಕ್ಷಿ.

ಕಂಪ್ಯೂಟರ್ ಮುಟ್ಟಬ್ಯಾಡ್ರಿ. ಸುಮ್ಮ ಕಾಯಿಲ್ ಪ್ಯಾಕ್ ಬದಲಿ ಮಾಡ್ರಿ.

ಚಂದ್ರಾಬಾಯಿ ಗಟ್ಟಿ. ಔಷಧ ಮುಗದ ಮ್ಯಾಲ ಕೂದಲಾ ಬರ್ತಾವ, ಇಲ್ಲಿ ನಮ್ಮ ಓಣಿ ಜೈನಾಬಿಗೂ ಹಂಗ ಆಗಿತ್ತು, ಈಗ ಆರಾಮ ಅದಾಳ. ಪಂಚಮಿಗೆ ನಾ ಬರಾಕ ಆಗೂದಿಲ್ಲ. ಖುರ್ಷೀದಳ ಮೊಣಕಾಲು ನೋವು. ಮುಂದ ಆಕಿ ಆರಾಮಾದ ಮ್ಯಾಲ ಎಲ್ಲಾರೂ ಕೂಡೂಣ. ಬಾಳಿಹಣ್ಣು ಬಸ್ಸಿನಾಗ ಕಳಸ್ತೀನಿ.

ನಬಿಸಾಬ್

*

ಕಮಲಾಪುರ
1 ಆಗಸ್ಟ್ 2002

ಬಂಡು,

ಭಾನುವಾರ ಫೋನಿನಾಗ ಹೇಳಿದ್ದು ಮಾಡಸಿದೇನು? ಒಂದು-ನಾಕರ ಕಾಯಿಲ್. ತಡಾ ಮಾಡಬ್ಯಾಡ.

ನಬಿಸಾಬ್

*

ಜಗತ್, ಕಲಬುರ್ಗಿ
6 ಆಗಸ್ಟ್ 2002

ನಬಿ,

ಮಾಡಿಸ್ದೆ! ಪ್ಯಾಕ್ ಹೈದ್ರಾಬಾದಿನಿಂದ ಬರಬೇಕಾತು, ನಿನ್ನೆ ಹಾಕಿದ್ರು. ಇವತ್ತ ಸೋಲಾಪುರಕ್ಕ ಹೋಗಿ ಬಂದ್ವಿ. ಏರಿನಾಗ ಎಣ್ಣಿ ಹಚ್ಚಿದಂಗ ಹತ್ತಿತು. ಸಾವಿತ್ರಿಬಾಯಿ ಬಾಜ ಹೊರಗ ಹಾಕಿ ನಿಂತಿದ್ಲು, ನಾವು ಹಾರ್ನ್ ಹೊಡದು ಮುಂದ ಹೋದ್ವಿ. ಹಳೇ ಕಾಯಿಲನ್ನ ಮುಕುಂದ ಒಲಿ ಹಂತ್ಯಾಕ ಇಟ್ಟು ಬಿಸಿ ಮಾಡಿ ಮೀಟರ್ ಹಚ್ಚಿದ. ಬಿಸಿ ಏರಿದಂಗ ಮುಳ್ಳು ಪಟ್ಟನ ಬಿತ್ತು. 'ಕಾಕಾ, ಅವರು ನೋಡಲಾರದ ಹೇಳಿದ್ರು' ಅಂದ. 'ಕೇಳಿ ಹೇಳ್ತಾನಪಾ ಅಂವ' ಅಂದೆ.

ನೀ ಫೋನಿಗೆ ಬಂದೆಲ್ಲ, ಅದು ಗಾಡಿಕಿಂತ ದೊಡ್ಡದು. ಇನ್ನೊಂದು ಮಾತು ಬರೀಬೇಕಂತ ಪೆನ್ ಎತ್ತಿದೆ. ಚಂದ್ರಾ ಬ್ಯಾಡಂತಾಳ. ಹಂಗಾದ್ರ ಇಷ್ಟ ಸಾಕು.

ಬಂಡು

*

ಜಗತ್, ಕಲಬುರ್ಗಿ
30 ಆಗಸ್ಟ್ 2002

ನಬಿಸಾಬ್ ಅವರಿಗೆ,

ಪಂಚಮಿ ಆಗಿ ಮೂರನೇ ದಿನ ಚಂದ್ರಾಬಾಯಿ ಹೋದ್ಲು. ಹದಿಮೂರನೇದು ಮುಗಿಸಿ ಬರಿಯಾಕತ್ತೀನಿ. ಮುಂಚೆ ಹೇಳಿ ಕಳಸಲಿಲ್ಲ. ಬೇಕಂತ ಕಳಸಲಿಲ್ಲ.

ಬರಾಕ ಆಗಂಗಿಲ್ಲ ಅಂತ ಪತ್ರದಾಗ ನನಗ ಬರದಿ, ಸರಿ. ಅದನ್ನ ಆಕಿಗೆ ಹೇಳಿದ್ದೆ. ಆಕೀನ ಫೋನ್ ಹಚ್ಚಾಕ ಹೇಳಿ ಖುದ್ದು ಮಾತಾಡಿದ್ಲು. ಆಕೀಗೆ ನೀ ಬರ್ತೀನಂದಿ. ಒಂದು ಸಾಯಾಕತ್ತಿದ ಜೀವಕ್ಕ ಹಂಗ ಹೇಳೂದು, ಬರಲಾರದ ಇರೂದು, ಯಾವ ಧರ್ಮದಾಗ ಬರದದ?

ಪಂಚಮಿ ದಿನ ಹಸರು ಸೀರಿ ಉಟಗೊಂಡ್ಲು. ಉಡಸಾಕ ಪಾರ್ವತೀಬಾಯಿ ಬರಬೇಕಾತು. ಬಾಗಲಿಗೆ ಮಾರಿ ಮಾಡಿ ಮಂಚ ತಿರಗಸಾಕ ಹಚ್ಚಿದ್ಲು. ಶೇಂಗಾದುಂಡಿ ಕಟ್ಟಿ ಇಡಿಸಿದ್ಲು, 'ನಬಿ ಅಣ್ಣಗ ಎಳ್ಳಿಂದು ಸೇರಂಗಿಲ್ಲ' ಅಂತ. ಕಮಲಾಪುರದ ಬಸ್ ಬರೂ ಹೊತ್ತಿಗೊಮ್ಮೆ ನಾ ರಸ್ತೆಕ್ಕ ಹೋಗಿ ನಿಂತೆ. ಸಂಜಿ ಆತು. ನಾ ನಿನ್ನ ಬಯ್ಯಾಕ ಬಾಯಿ ತೆಗದೆ. 'ಬಯ್ಯಬ್ಯಾಡ್ರಿ, ಬಸ್ ತಪ್ಪಿರಬೇಕು' ಅಂದ್ಲು. ಆ ಮ್ಯಾಲ ಮಂಚ ಮತ್ತ ಗ್ವಾಡಿ ಕಡೆ ತಿರಗಸಾಕ ಹೇಳಿದ್ಲು.

ಗಾಡಿ ಮಾರೀನಿ. ಇನ್ನ ಪತ್ರದ ಕೆಲಸಿಲ್ಲ. ನೀ ಇಲ್ಲಿಗೆ ಬರೂದೂ ಬ್ಯಾಡ.

ಬಂಡುರಾವ್

*

ಕಮಲಾಪುರ
4 ಸೆಪ್ಟೆಂಬರ್ 2002

ಬಂಡು,

ನಾ ಫೋನಿನಾಗ ಯಾರ ಜೋಡಿ ಮಾತಾಡಿದೆ?

ಪತ್ರ ಓದಿದ ಮ್ಯಾಲ ಖುರ್ಷೀದ್ ಒಲಿ ಹಚ್ಚಿಲ್ಲ. ನಾ ಬಸ್ ಸ್ಟ್ಯಾಂಡ್ ತನಕ ಬಂದೆ. ಬರೂದು ಬ್ಯಾಡಂತ ಬರದಿ, ಹೊಳ್ಳಿ ಹೋದೆ. ಬರಿಯೂದರ ಬಿಟ್ಟು ಬ್ಯಾರೆ ದಾರಿಲ್ಲ.

ನನಗ ಕಿವಿ ಕೇಳಂಗಿಲ್ಲ. ಎರಡು ವರ್ಷದ ಮ್ಯಾಲಾತು. ಕ್ಷಯ ಆಗಿತ್ತು, ನಿನಗ ಕೆಮ್ಮು ಅಂದಿದ್ದೆ. ದಿನಾ ಸೂಜಿ ಮಾಡಿದ್ರು. ಎದಿ ಉಳೀತು, ಆ ಸೂಜಿ ಜೋರಿಗೆ ಕಿವಿ ಹೋತು. ನಿನ್ನ ಶೆಡ್ಡಿನಾಗ ಇದ್ದಾಗಿಂದ ಕಡಿಮಿ ಆಗಾಕತ್ತಿತ್ತು. ನೀ ಬೆನ್ನ ಹಿಂದಿಂದ ಏನಂದಿ ಏನಿಲ್ಲ, ಗೊತ್ತಿಲ್ಲ. ಕಿವಿಯಿಂದ ಹೆಸರು ಮಾಡಿದ ಮಿಸ್ತ್ರಿ, ಕಿವುಡ ಅಂತ ಮಂದಿ ನಗೂಕಿಂತ ಮುಂಚೆ ಊರಿಗೆ ಬಂದೆ. ಈಗ ಎಂಜಿನ್ ಮ್ಯಾಲ ಅಂಗೈ ಇಟ್ಟು ನೋಡ್ತೀನಿ. ಟ್ರ್ಯಾಕ್ಟರಿಗೆ ಅಷ್ಟು ಸಾಕು. ನಿಮ್ಮ ಮನಿಗೆ ಬಂದ್ರ ಚಂದ್ರಾಬಾಯಿ ಮಾತಾಡಸ್ತಾಳ, ಉತ್ತರಾ ಹ್ಯಾಂಗ ಕೊಡಲಿ ಅಂತ ಪಂಚಮಿ ತಪ್ಪಿಸ್ದೆ. ನೀ ದೊಡ್ಡದಲ್ಲ ಅಂತ ಬರದಿ. ಮುಂದ ಕೂಡೂಣ ಅಂತ ಬರದೆ. ಜೈನಾಬಿ ಉಳದಿದ್ಲಲ್ಲ, ಅದ ಲೆಕ್ಕ ಹಿಡದೆ.

ಯಾರ ಫೋನ್ ಬಂದ್ರೂ ಹೊರಗ ಹೋಗ್ಯಾರ ಅನ್ನಾಕ ದೇವೀಂದ್ರಪ್ಪಗ ಹೇಳಿಟ್ಟಿದ್ದೆ. ಆ ಭಾನುವಾರ ಅಂವ ಬಂದು ಕೈ ಹಿಡದು ಎಳಕೊಂಡು ಹೋದ. ಅಂಗೈ ಮ್ಯಾಲ 'ಕಲಬುರ್ಗಿ' ಅಂತ ಬರದು ತೋರಿಸ್ದ. ನೀ ಅಂತ ತಿಳದೆ. ರಿಸೀವರ್ ಕಿವಿಗೆ ಒತ್ತಿ ಹಿಡದು ನಾನ ಮಾತಾಡಿದೆ. ಕಿವುಡರು ಮಾತು ನಿಲ್ಲಸಬಾರದು, ನಿಲ್ಲಿಸಿದ್ರ ಆ ಕಡಿಯವರು ಏನರ ಕೇಳ್ತಾರ. 'ಬಂಡು, ಹಾಂ, ಗೊತ್ತಾತು ಗೊತ್ತಾತು, ಒಂದು-ನಾಕರ ಕಾಯಿಲ್ ಬದಲಿ ಮಾಡಸು, ಬ್ಯಾರೆ ಏನೂ ಮುಟ್ಟಬ್ಯಾಡ, ಎಲ್ಲಾ ಸರಿ ಹೋಗ್ತದ.' ಇದನ್ನ ಮೂರು ನಾಕು ಸಲ ಹೇಳಿದೆ. ಹೇಳೂದು ತೀರಿದ ಮ್ಯಾಲ ರಿಸೀವರ್ ಹಿಡದು ಹಂಗ ನಿಂತೆ. ಮತ್ತ ಹಾಂ ಹಾಂ ಅಂದೆ. ಇಟ್ಟೆ. ಬರ್ತೀನಿ ಅಂದಿಲ್ಲ. ಪಂಚಮಿ ಮಾತು ನನ್ನ ಬಾಯಿಗೆ ಬಂದಿಲ್ಲ.

ನಿನ್ನ ಪತ್ರ ಬಂದ ಮ್ಯಾಲ ದೇವೀಂದ್ರಪ್ಪನ ಕೇಳಿದೆ, ಅವತ್ತ ಯಾಕ ಕರದಿ ಅಂತ. ಅಂವ ಚೀಟಿ ಬರದು ತೋರಿಸ್ದ: ಹೆಣ್ಣುಮಗಳ ದನಿ ಇತ್ತು, ನಮ್ಮೂರ ಮಗಳು ಅಂದ್ರು, ಸುಳ್ಳು ಹೇಳಾಕ ನಾಲಗಿ ಏಳಲಿಲ್ಲ.

ಬಂಡು, ಆಕಿ ಏನಂದ್ಲು? ನಾ ಹಾಂ ಹಾಂ ಅಂದದ್ದು ಯಾವ ಮಾತಿಗೆ? ಎಷ್ಟ ಕೆಟ್ಟದ್ದಿದ್ರೂ ಬರಿ.

ನಬಿ

*

ಜಗತ್, ಕಲಬುರ್ಗಿ
11 ಸೆಪ್ಟೆಂಬರ್ 2002

ನಬಿ,

ಮಾತಿನಾಗ ಬದುಕಿದ ಮನಷ್ಯಾ ನಾ. ಜನ್ಮದಾಗ ಇಷ್ಟು ಹೊತ್ತು ಖಾಲಿ ಕಾಗದದ ಮುಂದ ಕೂತಿಲ್ಲ.

ಆರು ತಿಂಗಳು ನಿನ್ನ ಬೆನ್ನಿನ ಜೋಡಿ ಮಾತಾಡೀನಿ ಅಂತ ಬರದಿದ್ದೆ. ಒಮ್ಮೆ ಮುಂದ ಬಂದು ನಿಂತಿದ್ರ ನನಗೇನು ಹೋಗ್ತಿತ್ತು?

ಅವತ್ತ ಏನಾತಂದ್ರ, ನಾನ ನಂಬರ್ ಹಚ್ಚಿ ರಿಸೀವರ್ ಆಕಿ ಕೈಗೆ ಕೊಟ್ಟೆ. 'ನೀವು ಹೊರಗ ಹೋಗ್ರಿ, ಇದು ತವರ ಮಾತು' ಅಂದ್ಲು. ನಾ ಅಂಗಳಕ್ಕ ಬಂದು ಗಾಡಿ ಹಂತ್ಯಾಕ ನಿಂತೆ. ಕಿಡಕ್ಯಾಗ ಆಕಿ ಮಾರಿ ಕಾಣ್ತಿತ್ತು, ಮಾತು ಕೇಳ್ತಿರಲಿಲ್ಲ. ಮೊದಲ ಸ್ವಲ್ಪ ಮಾತಾಡಿದ್ಲು. ಸುಮ್ಮ ಕೇಳಿದ್ಲು. ಹುಬ್ಬ ಗಂಟ ಹಾಕಿದ್ಲು. ಮತ್ತೇನೋ ಕೇಳಿದ್ಲು, ಜೋರಲೆ ಕೇಳಿದಂಗಿತ್ತು. ಮತ್ತ ಸುಮ್ಮ ಕೇಳಿದ್ಲು. ಆಮ್ಯಾಲ ಆಕಿ ಮಾರಿ ಮೆತ್ತಗಾತು ನಬಿ. ಕೂಸಿನ ಮಾರಿ ನೋಡಿದಂಗ ಆ ರಿಸೀವರ್ ನೋಡಿದ್ಲು. ಆ ಮ್ಯಾಲ ಮಾತಾಡಾಕ ಹತ್ತಿದ್ಲು ನೋಡು, ನಿಲ್ಲಸಲೇ ಇಲ್ಲ. ಕಣ್ಣೀರ ಒರಸಕೊಂಡ್ಲು, ಮಾತಾಡಿದ್ಲು, ನಕ್ಲು, ಮತ್ತ ಮಾತಾಡಿದ್ಲು. ಅಷ್ಟು ಮಾತು ನನ್ನ ಜೋಡಿ ಆ ಇಡೀ ವರ್ಷದಾಗ ಆಡಿರಲಿಲ್ಲ.

ಒಳಗ ಬಂದೆ. 'ಪಂಚಮಿಗೆ ಬರ್ತೀನಂದ ಅಣ್ಣ. ಒಂದು-ನಾಕರ ಕಾಯಿಲ್ ಬದಲಿ ಮಾಡಸಬೇಕಂತ' ಅಂದ್ಲು. ಬರೂ ಸುದ್ದಿ ಪತ್ರದಾಗ ಬರೀತೀನಂದ್ರ ಬ್ಯಾಡಂದ್ಲು, 'ಕೊಟ್ಟ ಮಾತು ನೆನಪ ಮಾಡಿಕೊಟ್ರ ಅಣ್ಣಗ ಅಪಮಾನ' ಅಂತ. ನಿನ್ನ ಪತ್ರಾ ಬಂದ ಮ್ಯಾಲ ಈಗ ತಿಳಿಯಾಕತ್ತದ. ನಿನಗ ಕೇಳಸಂಗಿಲ್ಲ ಅಂತ ಆಕಿ ಅವತ್ತ ತಿಳದಿದ್ಲು. ನೀ ಮುಚ್ಚಿಟ್ಟಿದ್ದನ್ನ ನನ್ನ ಮುಂದ ಬಿಚ್ಚಬಾರದಂತ ಸುಳ್ಳು ಹೇಳಿದ್ಲು. ನೀ ಬರಂಗಿಲ್ಲಂತ ಗೊತ್ತಿದ್ದೂ ಹಸರು ಸೀರಿ ಉಟ್ಟು, ನನ್ನನ್ನ ಬಸ್ಸಿಗೆ ಕಳಸಿ, ಬಾಗಲಾ ನೋಡ್ಕೋತ ಇಡೀ ದಿನ ಮಲಗಿದ್ಲು. ಇಲ್ಲಾ, ಏನೋ ಒಂದು ಆಸೆ ಇಟ್ಟಿದ್ಲೋ. ಅದನ್ನ ಯಾರನ್ನ ಕೇಳಲಿ?

ನೀ ಕೇಳ್ತಿ, ಆಕಿ ಏನಂದ್ಲು ಅಂತ. ನಬಿ, ನನಗ ಗೊತ್ತಿಲ್ಲ. ಸಿಟ್ಟು ಇಳದ ಮ್ಯಾಲ, ಒಂದು ವರ್ಷಕ್ಕೋ ಎರಡು ವರ್ಷಕ್ಕೋ, ನಾನ ಕಮಲಾಪುರಕ್ಕ ಬಂದು ನಿನ್ನ ಕೇಳಬೇಕಂತ ಇದ್ದೆ, ಆಕಿ ಕಡೀಕ ಅಷ್ಟು ಹೊತ್ತು ಏನು ಹೇಳಿದ್ಲೋ ಅಂತ. ನನ್ನ ಸುದ್ದಿ ಇತ್ತೇನು ಅಂತ. ಕೇಳಿಸಿಕೊಂಡವರು ಒಬ್ಬರರ ಅದಾರ ಅಂತ ಧೈರ್ಯ ಇತ್ತು.

ಮನ್ಯಾಗ ನೋಡಿದೆ. ಬರದಿಟ್ಟಿಲ್ಲ. ಪಾರ್ವತೀಬಾಯಿನ್ನ ಕೇಳಿದೆ, ಆಕಿಗೂ ಹೇಳಿಲ್ಲ. ಕೇಳಸಂಗಿಲ್ಲಂತ ಗೊತ್ತಾದ ಮ್ಯಾಲ ಆಡಿದ ಮಾತು ಅವು. ಯಾರಿಗೂ ಹೇಳಲಾರದ್ದ ಇರಬೇಕು.

ಒಂದ ಒಂದು ಕೇಳ್ತೀನಿ. ರಿಸೀವರ್ ಕಿವಿಗೆ ಒತ್ತಿ ಹಿಡದಿದ್ದೆ ಅಂತಿ. ಎಂಜಿನ್ ಮ್ಯಾಲ ಅಂಗೈ ಇಟ್ರ ತಿಳೀತದ ಅಂತಿ. ಆಕಿ ಮಾತಾಡೂಮುಂದ ನಿನಗ ಏನರ ತಿಳೀತೇನು? ಏನಿದ್ರೂ ಸರಿ.

ಬಂಡು

*

ಕಮಲಾಪುರ
16 ಸೆಪ್ಟೆಂಬರ್ 2002

ಬಂಡು,

ದವಡಿ ಎಲುಬಿಗೆ ತಿಳೀತಿತ್ತು. ಸಣ್ಣಗ ನಡುಗ್ತಿತ್ತು, ಬಹಳ ಹೊತ್ತು. ನೀ ನಗಾಕತ್ತಿ ಅಂತ ತಿಳದೆ.

ನಾನೂ ನಕ್ಕೆ.

ನಬಿ